ಮೊಮ್ಮಗನ ಮಾತಿಗಾಗಿ ಫಿನ್ನಿಷ್ ಪಾಠ

ಮಕ್ಕಳು ಪರದೇಶದಲ್ಲಿದ್ದರೆ ಮೊಮ್ಮಕ್ಕಳ ಮಾತು ತಿಳಿಯದ ಸಂಕಟ ನಿಮಗೂ ಗೊತ್ತಿರಬಹುದು. ನನ್ನ ಮಗಳಿರುವುದು ಫಿನ್‌ಲೆಂಡಿನಲ್ಲಿ. ಮೂರು ವರ್ಷದ ಮೊಮ್ಮಗ ಫೋನಿನಲ್ಲಿ ನನ್ನ ಮುಖ ಕಂಡೊಡನೆ ‘ತುಲೆ, ತುಲೆ’ ಎನ್ನುತ್ತಿದ್ದ. ಶಿಶುವಿಹಾರದಲ್ಲಿ ಕಲಿತದ್ದು. ನಾನು ಸುಮ್ಮನೆ ನಗುತ್ತಿದ್ದೆ. ‘ಬಾ ಅಂತಿದಾನಮ್ಮಾ’ ಎಂದು ಮಗಳು ಹೇಳಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ ನೋಡಿ.

ಈಗ ವಿಜಯನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಫಿನ್ನಿಷ್ ಪಾಠ! ಮೊಬೈಲಿನ ಡ್ಯುಯೊಲಿಂಗೊದಲ್ಲಿ 2020ರಿಂದ ಈ ಭಾಷೆಯಿದೆ, ದುಡ್ಡು ಕೊಡಬೇಕಿಲ್ಲ. ಹೇಳಿಕೊಡುವುದು ಇಂಗ್ಲಿಷಿನ ಮೂಲಕ. ಅಲ್ಪಸ್ವಲ್ಪ ಇಂಗ್ಲಿಷ್ ಓದಲು ಬಂದರೆ ಸಾಕು.

ಹೆದರಬೇಡಿ, ಕನ್ನಡದವರಿಗೆ ಇದರ ಜಾಡು ಬೇಗ ಸಿಗುತ್ತದೆ. ‘ತಲೊ’ ಎಂದರೆ ಮನೆ, ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ. ನಮ್ಮಂತೆಯೇ ಕೊನೆಗೆ ಪ್ರತ್ಯಯ. ವಿಭಕ್ತಿಗಳು ಮಾತ್ರ 15, ಅದೊಂದು ತಲೆನೋವು! ದೀರ್ಘ, ಒತ್ತು ತಪ್ಪಿದರೆ ಕತೆ ಕತ್ತೆಯಾದ ಹಾಗೆ: ‘ತುಲಿ’ ಬೆಂಕಿ, ‘ತೂಲಿ’ ಗಾಳಿ, ‘ಕುಕ’ ಯಾರು, ‘ಕುಕ್ಕ’ ಹೂವು. ಅವನಿಗೂ ಅವಳಿಗೂ ‘ಹ್ಯಾನ್’ ಒಂದೇ ಪದ. ಇದು ನನಗೆ ಬಹಳ ಹಿಡಿಸಿತು, ನೀವೇನಂತೀರಿ?

ಅವರ ಕಾಫಿಯ ಜೊತೆಗಿನ ‘ಪುಲ್ಲ’ ಎಂಬ ಸಿಹಿ ಬನ್ನಿಗೆ ನಮ್ಮ ಏಲಕ್ಕಿಯೇ ಪರಿಮಳ. ನುಣ್ಣಗೆ ಪುಡಿಮಾಡಬಾರದು, ತರಿತರಿಯಾಗಿ ಕುಟ್ಟಿ ಮೈದಾಹಿಟ್ಟಿಗೆ ಸೇರಿಸಬೇಕು.

ಮೊನ್ನೆ ಮೊಮ್ಮಗ ‘ತುಲೆ’ ಅಂದಾಗ ‘ತುಲೆನ್’, ಬರ್ತೀನಿ ಎಂದುಬಿಟ್ಟೆ. ಅವನು ಫೋನು ಅಲ್ಲೇ ಬಿಟ್ಟು ಓಡಿಹೋಗಿ ಮುಂಬಾಗಿಲ ಹತ್ತಿರ ನಿಂತುಕೊಂಡನಂತೆ.