ಲೈಟು ಹೊರುವುದೂ ಪಾಠವೇ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನಿಂದ ಮಗನೋ ಮಗಳೋ ಬೆಂಗಳೂರಿನ ವೀಡಿಯೊ ಸಂಸ್ಥೆಗೆ ತರಬೇತಿಗೆ ಹೊರಟರೆ ಹೆತ್ತವರಿಗೆ ಒಂದೇ ಅನುಮಾನ: ‘ಅಲ್ಲಿ ಲೈಟು ಹೊರುವುದು ಬಿಟ್ಟರೆ ಬೇರೇನು ಕಲಿಸುತ್ತಾರೆ?’

ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚುವುದನ್ನು ಚನ್ನಪಟ್ಟಣದ ಬೊಂಬೆ ಕುಶಲಿಗರು ಪುಸ್ತಕ ಓದಿ ಕಲಿತವರಲ್ಲ. ಹಿರಿಯರ ಪಕ್ಕ ಕೂತು ಕಲಿತವರು. ಕ್ಯಾಮೆರಾ ಕೆಲಸವೂ ಹಾಗೆಯೇ.

ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಮೇಲೂ ಮುಂಬೈಯಲ್ಲಿ ಸಹಾಯಕರಾಗಿಯೇ ದುಡಿದರು. ‘ಬಾಜಿ’ (1951) ಚಿತ್ರದಲ್ಲಿ ಅವರು ತೆಗೆದ ಕಷ್ಟದ ಶಾಟ್ ಒಂದನ್ನು ಗುರುದತ್ ಮೆಚ್ಚಿದರು; ‘ಜಾಲ್’ (1952) ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಮುಂದೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಬಂತು. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ ಗೋವಿಂದ ನಿಹಲಾನಿ, ಮೂರ್ತಿಯವರ ಕೈಕೆಳಗೆ ಪಳಗಿದರು.

ಆದರೆ ಎಲ್ಲ ಸಂಸ್ಥೆಗಳೂ ಕಲಿಸುವುದಿಲ್ಲ. ಸೇರುವ ಮುನ್ನ ಕೇಳಿ: ಹೇಳಿಕೊಡುವವರು ಯಾರು? ಎಡಿಟಿಂಗ್ ನಡೆಯುವಾಗ ಪಕ್ಕದಲ್ಲಿ ಕೂರಲು ಬಿಡುತ್ತಾರೆಯೇ? ಪ್ರಯಾಣದ ಖರ್ಚು, ಪ್ರಮಾಣಪತ್ರ ಉಂಟೇ? ರಾತ್ರಿ ಚಿತ್ರೀಕರಣವಿದ್ದರೆ ಊರಿಗೆ ಮರಳುವುದು ಹೇಗೆ?

ಸೇರಿದವರು ದಿನವೂ ಬರೆದಿಡಲಿ: ಲೈಟು ಎಲ್ಲಿಟ್ಟರು, ಏಕೆ ಅಲ್ಲಿಟ್ಟರು, ಧ್ವನಿ ಹೇಗೆ ಕೆಟ್ಟಿತು, ಯಾರು ಸರಿಪಡಿಸಿದರು. ತಿಂಗಳಾದರೂ ಆ ನೋಟ್‌ಪುಸ್ತಕ ಖಾಲಿಯಿದ್ದರೆ ಬೇರೆ ಸಂಸ್ಥೆ ಹುಡುಕುವುದೇ ಲೇಸು.