ಮಕ್ಕಳೊಡನೆ ಮಲೆನಾಡಿಗೆ: ಹೋಂ ಸ್ಟೇ ಆರಿಸುವ ಮುನ್ನ

ಶಾಲೆಗಳಿಗೆ ರಜೆ ಸಮೀಪಿಸುತ್ತಿದ್ದಂತೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ‘ಈ ಬಾರಿ ಎಲ್ಲಿಗೆ?’ ಎಂಬ ಚರ್ಚೆ ಆರಂಭವಾಗುತ್ತದೆ. ಒಂದು ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ರಜೆ ಎಂದರೆ ಊರು, ಊರೆಂದರೆ ಅಜ್ಜನ ಮನೆ. ಇಂದು ಅನೇಕರ ಊರಮನೆಗಳಿಗೆ ಬೀಗ ಬಿದ್ದಿದೆ. ಕೆಲವು ಪಾಲಾಗಿ ಪರರ ವಶವಾಗಿವೆ. ಆದುದರಿಂದ ಮಕ್ಕಳಿಗೆ ಹಟ್ಟಿ, ತೋಟ, ಬಾವಿಕಟ್ಟೆಗಳನ್ನು ತೋರಿಸಬಯಸುವವರು ಹಣ ತೆತ್ತು ಉಳಿಯುವ ಹೋಂ ಸ್ಟೇಗಳನ್ನು ಅರಸುವುದು ಸಾಮಾನ್ಯವಾಗಿದೆ. ತೀರ್ಥಹಳ್ಳಿ, ಶೃಂಗೇರಿ, ಸಕಲೇಶಪುರ, ಶಿರಸಿ, ಮಡಿಕೇರಿ ಸುತ್ತಮುತ್ತ ಇಂತಹ ಮನೆಗಳಿಗೆ ಕೊರತೆಯಿಲ್ಲ. ಆದರೆ ಹಿರಿಯರಿಗೆ ಒಪ್ಪುವ ಮನೆಗಳೆಲ್ಲವೂ ಐದಾರು ವರ್ಷದ ಮಕ್ಕಳಿಗೆ ಒಪ್ಪುತ್ತವೆ ಎನ್ನಲಾಗದು.

ಈ ಮಾತನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ. 2006ರ ಮೇ ತಿಂಗಳಲ್ಲಿ ಅಂತರಜಾಲದ ಚಿತ್ರಗಳನ್ನು ಮಾತ್ರ ನಂಬಿ ಮಲೆನಾಡಿನ ಒಂದು ಮನೆಯನ್ನು ಗೊತ್ತುಪಡಿಸಿದ್ದೆವು. ಹೆಂಚಿನ ಮಾಡು, ವಿಶಾಲವಾದ ಜಗಲಿ, ಎದುರಿಗೆ ಹಸುರು ತೋಟ ಎಲ್ಲವೂ ಚಿತ್ರದಲ್ಲಿದ್ದಂತೆಯೇ ಇದ್ದವು. ಮನೆಯ ಯಜಮಾನರು ಮಾತ್ರ ಬೆಂಗಳೂರಿನಲ್ಲಿದ್ದರು. ಬೀಗದ ಕೈ ಕೊಟ್ಟ ಆಳು ಸಂಜೆಯಾಗುತ್ತಲೇ ತನ್ನ ಮನೆಗೆ ಹೊರಟುಹೋದನು. ಮರುದಿನ ಬೆಳಿಗ್ಗೆ ನಾವು ಜಗಲಿಯಲ್ಲಿ ಕಾಫಿ ಕುಡಿಯುತ್ತಿರುವಾಗ ನಾಲ್ಕು ವರ್ಷದ ನಮ್ಮ ಮಗ ಕಾಣಿಸಲಿಲ್ಲ. ಮನೆಯ ಹಿಂಬದಿಯಲ್ಲಿ, ತೋಟಕ್ಕೆ ನೀರು ಹಾಯಿಸುವ ಕೆರೆಯ ಅಂಚಿನಲ್ಲಿ ಕುಳಿತು ಅವನು ಎಲೆಗಳನ್ನು ತೇಲಿಬಿಡುತ್ತಿದ್ದನು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ಹೊರೆಯನ್ನು ಅಲ್ಲಿಯೇ ಎಸೆದು ಅವನ ತೋಳು ಹಿಡಿದೆಳೆದರು. ಆ ಕೆರೆ ಯಾವ ಚಿತ್ರದಲ್ಲಿಯೂ ಇರಲಿಲ್ಲ. ನಾವೂ ಕೇಳಿರಲಿಲ್ಲ. ಸಾಲ ಮಂಜೂರು ಮಾಡುವ ಮುನ್ನ ಸ್ಥಳ ಪರಿಶೀಲನೆ ಆಗಲೇಬೇಕೆಂದು ಬ್ಯಾಂಕಿನಲ್ಲಿ ದಿನವೂ ಹೇಳುವ ನಾವು ಮಕ್ಕಳ ವಿಷಯದಲ್ಲಿ ಆ ಪಾಠವನ್ನು ಮರೆತಿದ್ದೆವು.

ಮನೆಯವರು ಮನೆಯಲ್ಲಿರಬೇಕು

ಹೋಂ ಸ್ಟೇ ಎಂಬ ಹೆಸರಿನ ಅರ್ಥವೇ ಒಂದು ಕುಟುಂಬದ ಮನೆಯಲ್ಲಿ ಅತಿಥಿಗಳಾಗಿ ಉಳಿಯುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂ ಸ್ಟೇ ಯೋಜನೆಯಲ್ಲಿಯೂ ಮಾಲೀಕರ ಕುಟುಂಬ ಅಲ್ಲಿಯೇ ವಾಸವಾಗಿರಬೇಕೆಂಬ ನಿಯಮವಿದೆ. ಬಾಡಿಗೆಯ ಕೊಠಡಿಗಳು ಒಂದರಿಂದ ಆರರವರೆಗೆ ಮಾತ್ರ. ವಾಸ್ತವದಲ್ಲಿ ಖಾಲಿ ಬಂಗಲೆ, ಸಣ್ಣ ರೆಸಾರ್ಟುಗಳೂ ಇದೇ ಹೆಸರಿನಲ್ಲಿ ನಡೆಯುವುದುಂಟು. ಆದುದರಿಂದ ದೂರವಾಣಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟೆಂಬುದಲ್ಲ. ‘ರಾತ್ರಿ ಮನೆಯಲ್ಲಿ ಯಾರಿರುತ್ತಾರೆ? ಅಡುಗೆ ಮಾಡುವವರು ಯಾರು?’ ಎಂದು ಕೇಳಬೇಕು. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಯಾವ ವೈದ್ಯರು ಬಾಗಿಲು ತೆರೆಯುತ್ತಾರೆ, ಯಾರ ಜೀಪು ಸಿಗುತ್ತದೆ ಎಂಬುದು ಆ ಮನೆಯವರಿಗಷ್ಟೇ ತಿಳಿದಿರುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ವಿಚಾರಿಸಬಹುದು.

ನೀರು, ಬೆಂಕಿ, ವಿಷ

ಮಲೆನಾಡಿನ ಮನೆ ದುಡಿಮೆಯ ಮನೆ. ಅಲ್ಲಿನ ಮಕ್ಕಳಿಗೆ ಎಲ್ಲಿ ಕಾಲಿಡಬಾರದೆಂಬುದು ತಿಳಿದಿರುತ್ತದೆ. ಹತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳಿಗೆ ತಿಳಿದಿರುವುದಿಲ್ಲ. ಬಾವಿಗೆ ಕಟ್ಟೆ ಇದೆಯೇ, ಕೆರೆ, ಕೃಷಿಹೊಂಡ, ಗೋಬರ್ ಗ್ಯಾಸ್ ಗುಂಡಿಗಳು ಮನೆಯಿಂದ ಎಷ್ಟು ದೂರ, ಅವುಗಳಿಗೆ ಬೇಲಿ ಇದೆಯೇ ಎಂಬುದನ್ನು ಒಂದೊಂದಾಗಿ ಕೇಳಿ ತಿಳಿಯಬೇಕು. ಈಗ ಮೊಬೈಲಿನ ವೀಡಿಯೋ ಕರೆಯಲ್ಲಿ ಮನೆಯ ಸುತ್ತ ಒಮ್ಮೆ ನಡೆದು ತೋರಿಸುವಂತೆ ವಿನಂತಿಸಬಹುದು. ಒಳ್ಳೆಯ ಯಜಮಾನರು ಇದಕ್ಕೆ ಬೇಸರಪಡುವುದಿಲ್ಲ.

ಬಚ್ಚಲುಮನೆಯ ಹಂಡೆಯಲ್ಲಿ ಸೌದೆಯ ಉರಿಯಿಂದ ಕುದಿಯುವ ನೀರು ನಮಗೆ ಬಾಲ್ಯದ ಸುಖ. ಮಕ್ಕಳಿಗೆ ಅದು ಸುಟ್ಟಗಾಯದ ಅಪಾಯ. ಮಗುವನ್ನು ಅಲ್ಲಿ ಒಂಟಿಯಾಗಿ ಬಿಡಬಾರದು. ಇನ್ನು ಸ್ನಾನದ ಕೋಣೆಯೊಳಗೇ ಗ್ಯಾಸ್ ಗೀಸರ್ ಅಳವಡಿಸಿದ್ದರೆ ವಿಶೇಷ ಎಚ್ಚರ ಅಗತ್ಯ. ಗಾಳಿಯಾಡದ ಕೋಣೆಯಲ್ಲಿ ಅದು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡ ಪ್ರಕರಣಗಳು ನಮ್ಮ ದೇಶದಲ್ಲಿ ಅನೇಕ ನಡೆದಿವೆ. ಗೀಸರ್ ಕೋಣೆಯ ಹೊರಗಿರಬೇಕು. ಒಳಗಿದ್ದರೆ ಬಕೆಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿಸಿದ ಬಳಿಕವೇ ಸ್ನಾನ ಮಾಡಬೇಕು.

ಅಡಿಕೆ ಮರಗಳಿಗೆ ಕೊಳೆರೋಗ ಬಾರದಂತೆ ಮಳೆಗಾಲದ ಆರಂಭದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಮೈಲುತುತ್ತದ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಂಡೀತು. ಕಾಫಿ ತೋಟಗಳಲ್ಲಿಯೂ ಕೀಟನಾಶಕಗಳಿರುತ್ತವೆ. ಔಷಧ, ಗೊಬ್ಬರಗಳನ್ನಿಡುವ ಕೋಣೆಗೆ ಬೀಗವಿದೆಯೇ ಎಂದು ತಲಪಿದ ದಿನವೇ ನೋಡಿಕೊಳ್ಳುವುದು ಒಳಿತು.

ಯಾವ ಋತು?

ಮೇ ತಿಂಗಳಲ್ಲಿ ಹಲಸು, ಮಾವುಗಳ ಸಮೃದ್ಧಿಯಿದೆ. ಆದರೆ ಸೆಕೆ, ಸಂಜೆಯ ಗುಡುಗು ಸಿಡಿಲುಗಳೂ ಇವೆ. ಮಂಗನ ಕಾಯಿಲೆಯನ್ನೂ ಮರೆಯಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳ ಕಡಿತದಿಂದ ಹರಡುತ್ತದೆ. ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಹೋಗುವವರು ಸುತ್ತಲಿನ ಕಾಡಿನಲ್ಲಿ ಮಂಗಗಳು ಸತ್ತ ವರದಿಯಿದೆಯೇ ಎಂದು ವಿಚಾರಿಸಬೇಕು. ಇದ್ದರೆ ಪ್ರವಾಸವನ್ನೇ ಮುಂದೂಡುವುದು ಲೇಸು. ಇಲ್ಲದಿದ್ದರೂ ಮಕ್ಕಳನ್ನು ಕಾಡಿನ ತರಗೆಲೆಯ ಮೇಲೆ ಕೂರಿಸದೆ, ಮೈ ತುಂಬ ಬಟ್ಟೆ ತೊಡಿಸಿ, ಹಿಂತಿರುಗಿದ ಕೂಡಲೇ ಸ್ನಾನ ಮಾಡಿಸಬೇಕು.

ಜೂನಿನಿಂದ ಸೆಪ್ಟೆಂಬರ್ ತನಕ ಮಳೆಯ ಸೊಬಗು ವರ್ಣನಾತೀತ. ಆದರೆ ಇಂಬಳಗಳ ಕಾಟ, ವಿದ್ಯುತ್ ಕಡಿತ, ಗುಡ್ಡ ಕುಸಿತದ ಭೀತಿ ಜೊತೆಗಿವೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ನಡೆದ ದುರಂತಗಳನ್ನು ನಾವಾರೂ ಮರೆತಿಲ್ಲ. ಸಣ್ಣ ಮಕ್ಕಳೊಡನೆ ಆ ತಿಂಗಳುಗಳು ಬೇಡ. ನಮ್ಮ ಅಭಿಪ್ರಾಯದಲ್ಲಿ ದೀಪಾವಳಿ ರಜೆಯೇ ಸೂಕ್ತ. ಮಳೆ ಹಿಮ್ಮೆಟ್ಟಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಗೋಪೂಜೆಯ ಸಂಭ್ರಮವೂ ದೊರೆಯುತ್ತದೆ.

ದಾರಿ ಮತ್ತು ಊಟ

ಮುಂಬಯಿಯಿಂದ ಹೋಗುವವರಿಗೆ ಕೊಂಕಣ ರೈಲ್ವೆ ವರದಾನ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಉಡುಪಿಗೆ ಬಂದು, ಹೆಬ್ರಿ, ಸೋಮೇಶ್ವರ ದಾರಿಯಾಗಿ ಆಗುಂಬೆ ಘಾಟಿ ಏರಿದರೆ ತೀರ್ಥಹಳ್ಳಿಯ ಸೀಮೆ. ಘಾಟಿಯ ಕಡಿದಾದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಸಹಜ. ರೈಲಿಳಿದ ಕೂಡಲೇ ಹೊಟ್ಟೆ ತುಂಬ ತಿನ್ನಿಸಿ ಕಾರು ಹತ್ತಿಸಬಾರದು. ಮುಖ್ಯ ರಸ್ತೆಯಿಂದ ಮನೆಯವರೆಗಿನ ಕೊನೆಯ ಎರಡು ಮೂರು ಕಿಲೋಮೀಟರ್ ಮಣ್ಣುರಸ್ತೆಯೇ, ಬಾಡಿಗೆ ಕಾರು ಹೋಗುವುದೇ ಎಂಬುದನ್ನು ಮೊದಲೇ ಕೇಳಬೇಕು. ತುರ್ತು ವೇಳೆಗೆ 108 ಆಂಬುಲೆನ್ಸ್ ಇದೆ. ಆದರೆ ಕರೆ ಮಾಡಲು ಮೊಬೈಲ್ ಸಂಪರ್ಕ ಬೇಕು. ಹಾವಿನ ವಿಷಕ್ಕೆ ಔಷಧ ದೊರೆಯುವ ಆಸ್ಪತ್ರೆ ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿದಿಟ್ಟುಕೊಂಡರೆ ನಿಶ್ಚಿಂತೆ.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಖಾರವಿಲ್ಲದ ಸಾರು, ಕುದಿಸಿ ಆರಿಸಿದ ನೀರು, ಹೊತ್ತಿಗೆ ಸರಿಯಾಗಿ ಗಂಜಿಯೋ ಹಾಲನ್ನವೋ ಸಿಗುವುದಾದರೆ ಸಾಕು. ಬಾಡಿಗೆ ಸಾಮಾನ್ಯವಾಗಿ ತಲೆಗಿಷ್ಟು ಎಂದಿರುತ್ತದೆ; ಮಕ್ಕಳಿಗೆ ರಿಯಾಯಿತಿ, ಪ್ರವಾಸ ರದ್ದಾದರೆ ಮುಂಗಡದ ಗತಿ ಇವೆರಡನ್ನು ಬರವಣಿಗೆಯಲ್ಲಿ ಪಡೆಯುವುದು ಉತ್ತಮ.

ಕಳೆದ ದೀಪಾವಳಿಗೆ ಅಣ್ಣನ ಮೊಮ್ಮಕ್ಕಳಿಬ್ಬರನ್ನು ಕರೆದುಕೊಂಡು ತೀರ್ಥಹಳ್ಳಿಯ ಬಳಿಯ ಇಂತಹದೇ ಮನೆಗೆ ಹೋಗಿದ್ದೆವು. ಕೋಣೆಗಳು ಸಾಧಾರಣವಾಗಿದ್ದವು, ಮಂಚ ಕಿರುಗುಟ್ಟುತ್ತಿತ್ತು. ಆದರೆ ನಾವು ಕೇಳುವ ಮೊದಲೇ ಆ ಮನೆಯ ಅಜ್ಜಿ ಮಕ್ಕಳ ಕೈ ಹಿಡಿದು ಬಾವಿ, ಕೆರೆಗಳ ಬಳಿ ಕರೆದೊಯ್ದು, ‘ನಾನಿಲ್ಲದೆ ಈ ಕಡೆ ಬರಬಾರದು, ಗೊತ್ತಾಯ್ತಾ?’ ಎಂದು ಕಟ್ಟುಮಾಡಿದರು. ಮೊದಲ ದಿನ ಹಾಲು ಬೇಕೇ ಎಂದಾಗ ‘ನಕೋ’ ಎಂದಿದ್ದ ಐದು ವರ್ಷದ ಹುಡುಗಿ ಮೂರನೆಯ ದಿನ ‘ಬೇಡ ಅಜ್ಜಿ, ಆಮೇಲೆ’ ಎಂದಳು. ಮನೆಯಲ್ಲಿ ನಾವು ಎಷ್ಟೇ ಕನ್ನಡದಲ್ಲಿ ಮಾತನಾಡಿಸಿದರೂ ಅವಳು ಉತ್ತರಿಸುತ್ತಿದ್ದುದು ಬೇರೆ ಭಾಷೆಯಲ್ಲಿ.

ಮನೆಯವರು ಇರುವ ಮನೆಯನ್ನೇ ಆರಿಸಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಮಕ್ಕಳನ್ನು ಕಾಯುವ ಕಣ್ಣುಗಳು, ಅವರೊಡನೆ ಕನ್ನಡ ಆಡುವ ಬಾಯಿ ಎರಡೂ ಅಲ್ಲಿ ದೊರೆಯುತ್ತವೆ. ಮುಂದಿನ ರಜೆಗೆ ಹೊರಡುವ ಮಿತ್ರರು ಚಿತ್ರಗಳನ್ನು ನೋಡಿದ ಬಳಿಕ ಒಮ್ಮೆ ಆ ಮನೆಗೆ ಕರೆ ಮಾಡಿ, ಹತ್ತು ನಿಮಿಷ ಮಾತನಾಡಿ, ಆಮೇಲೆ ಮುಂಗಡ ಕಳುಹಿಸಲಿ ಎಂಬುದು ನಮ್ಮ ವಿನಂತಿ.