ಪತ್ರಿಕೆ ಉಳಿಯಿತು, ಪಕ್ಷ ಕರಗಿತು

ಲಂಡನ್‌ನಲ್ಲಿ ಮೇ 1 ರಜಾದಿನವಲ್ಲ. ಆ ತಿಂಗಳ ಮೊದಲ ಸೋಮವಾರ ಇಲ್ಲಿ ರಜೆ. ಆದರೂ ಕಾರ್ಮಿಕರ ಮೆರವಣಿಗೆ ಹೊರಡುವುದು ಮೇ 1ರಂದೇ. ಈ ಸಲ ನಾವು ಮೂರು ಕನ್ನಡ ಕುಟುಂಬದವರು ಅರ್ಧ ದಿನ ರಜೆ ಹಾಕಿ ಅದನ್ನು ನೋಡಲು ಹೋಗಿದ್ದೆವು. ಫ್ಯಾರಿಂಗ್ಡನ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಕ್ಲರ್ಕೆನ್‌ವೆಲ್ ಗ್ರೀನ್ ಎಂಬ ಪುಟ್ಟ ಚೌಕ ಸಿಗುತ್ತದೆ. ಮೆರವಣಿಗೆ ಅಲ್ಲಿಂದ ಹೊರಟು ಟ್ರಫಾಲ್ಗರ್ ಚೌಕ ಸೇರುತ್ತದೆ. ಕೆಂಪು ಬಾವುಟ, ಡೋಲು, ಘೋಷಣೆ ಎಲ್ಲವೂ ಇದ್ದವು. ಹುಡುಗ ಹುಡುಗಿಯರಲ್ಲಿ ಬಹುಪಾಲು ಟರ್ಕಿ, ಕುರ್ದಿ ಮತ್ತಿತರ ವಲಸಿಗ ಸಂಘಟನೆಗಳವರು. ಬ್ರಿಟಿಷ್ ಕಮ್ಯುನಿಸ್ಟರ ಸಾಲಿನಲ್ಲಿ ನಮ್ಮ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು ಬಿಳಿ ತಲೆಗಳು.

ಅವರಲ್ಲೊಬ್ಬರು ತೋಳಿನ ಮೇಲೆ 'ಮಾರ್ನಿಂಗ್ ಸ್ಟಾರ್' ಪತ್ರಿಕೆಯ ಕಟ್ಟು ಹಿಡಿದು ನಿಂತಿದ್ದರು. ವಯಸ್ಸು ಎಂಬತ್ತರ ಹತ್ತಿರ. ನಾವು ಒಂದು ಪ್ರತಿ ಕೊಂಡೆವು. "ಯಾವ ಊರು?" ಎಂದು ಕೇಳಿದರು. ಬೆಂಗಳೂರು ಎಂದೆವು. ಅವರ ಮುಖ ಅರಳಿತು. "ನಮ್ಮ ಪಕ್ಷ ಒಬ್ಬ ಹುಡುಗನನ್ನು ಇಂಡಿಯಾಕ್ಕೆ ಕಳಿಸಿತ್ತು. ಕ್ರಾಂತಿ ಮಾಡಲು ಹೋದವನು ಕೊನೆಗೆ ನಿಮ್ಮ ಊರಿನಲ್ಲಿ ಪತ್ರಿಕೆ ನಡೆಸುತ್ತಾ ನಮ್ಮನ್ನೇ ಬೈದ" ಎಂದು ನಕ್ಕರು.

ಅವರು ಹೇಳಿದ್ದು ಫಿಲಿಪ್ ಸ್ಪ್ರಾಟ್ ಬಗ್ಗೆ. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ 1902ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿದ ಈತನನ್ನು ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷ 1926ರಲ್ಲಿ ಭಾರತಕ್ಕೆ ಕಳಿಸಿತು. 1929ರ ಮಾರ್ಚ್‌ನಲ್ಲಿ ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಮೂವತ್ತಕ್ಕೂ ಹೆಚ್ಚು ಕಾರ್ಮಿಕ ನಾಯಕರ ಜೊತೆ ಬಂಧನವಾಯಿತು. ವಿಚಾರಣೆ ಸುಮಾರು ನಾಲ್ಕು ವರ್ಷ ನಡೆದು ಸ್ಪ್ರಾಟ್‌ಗೆ 12 ವರ್ಷ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು ಎರಡು ವರ್ಷಕ್ಕೆ ಇಳಿಯಿತು. ಬಿಡುಗಡೆಯಾದ ಮೇಲೆ ತಮಿಳು ಮನೆತನದ ಸೀತಾ ಅವರನ್ನು ಮದುವೆಯಾಗಿ ಬೆಂಗಳೂರಿನಲ್ಲಿ ನೆಲೆಸಿದರು. ಇಲ್ಲಿನ 'ಮಿಸಿಂಡಿಯಾ' ವಾರಪತ್ರಿಕೆಯ ಸಂಪಾದಕರಾಗಿ ಕಮ್ಯುನಿಸಂ ವಿರುದ್ಧ ಬರೆದರು. 1971ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡರು.

ಸ್ಪ್ರಾಟ್ ತೊರೆದ ಪಕ್ಷ ಶುರುವಾದದ್ದು 1920ರಲ್ಲಿ. ಎರಡೇ ವರ್ಷದಲ್ಲಿ, ಮುಂಬೈಯಲ್ಲಿ ಹುಟ್ಟಿದ, ಟಾಟಾ ಮನೆತನದ ಸಂಬಂಧಿ ಶಾಪುರ್ಜಿ ಸಕ್ಲತ್‌ವಾಲಾ ಲಂಡನ್ನಿನ ಬ್ಯಾಟರ್‌ಸೀಯಿಂದ ಎಂಪಿಯಾದರು. ಲೇಬರ್ ಪಕ್ಷದ ಬೆಂಬಲದಿಂದ ಗೆದ್ದ ಅವರು ಕಮ್ಯುನಿಸ್ಟ್ ಸದಸ್ಯರೂ ಆಗಿದ್ದರು. 1924ರಲ್ಲಿ ಕಮ್ಯುನಿಸ್ಟ್ ಎಂದೇ ನಿಂತು ಗೆದ್ದರು. ಪಾರ್ಲಿಮೆಂಟಿನಲ್ಲಿ ಭಾರತದ ಸ್ವಾತಂತ್ರ್ಯದ ಮಾತನ್ನು ಎತ್ತಿದ್ದಕ್ಕಾಗಿ ಅವರನ್ನು ನಾವು ಇಂದಿಗೂ ನೆನೆಯಬೇಕು.

ಪಕ್ಷ ತುತ್ತತುದಿಗೆ ಏರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಸೋವಿಯತ್ ಸೇನೆ ಹಿಟ್ಲರ್ ವಿರುದ್ಧ ಹೋರಾಡುತ್ತಿದ್ದ 1942ರಲ್ಲಿ ಸದಸ್ಯರ ಸಂಖ್ಯೆ ಸುಮಾರು 56,000. 1945ರ ಚುನಾವಣೆಯಲ್ಲಿ ಇಬ್ಬರು ಗೆದ್ದರು: ಸ್ಕಾಟ್ಲೆಂಡ್‌ನ ಗಣಿ ಪ್ರದೇಶ ವೆಸ್ಟ್ ಫೈಫ್‌ನಿಂದ ವಿಲ್ಲಿ ಗ್ಯಾಲಕರ್, ಪೂರ್ವ ಲಂಡನ್ನಿನ ಮೈಲ್ ಎಂಡ್‌ನಿಂದ ಫಿಲ್ ಪಿರಾಟಿನ್. 1950ರಲ್ಲಿ 100 ಕಡೆ ಅಭ್ಯರ್ಥಿಗಳನ್ನು ನಿಲ್ಲಿಸಿದರು. 97 ಮಂದಿಯ ಠೇವಣಿ ಹೋಯಿತು, ಇದ್ದ ಎರಡೂ ಸ್ಥಾನ ಕೈತಪ್ಪಿತು. ಅಂದಿನಿಂದ ಇಂದಿನವರೆಗೆ ಒಬ್ಬ ಕಮ್ಯುನಿಸ್ಟ್ ಅಭ್ಯರ್ಥಿಯೂ ಇಲ್ಲಿನ ಪಾರ್ಲಿಮೆಂಟಿಗೆ ಗೆದ್ದು ಬಂದಿಲ್ಲ.

"ಚುನಾವಣೆ ಸೋತದ್ದಕ್ಕೆ ಪಕ್ಷ ಸಾಯಲಿಲ್ಲ. ಸುಳ್ಳು ಹೇಳಿದ್ದಕ್ಕೆ ಸೊರಗಿತು" ಎಂದರು ಆ ಹಿರಿಯರು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದವು. ಆಗ 'ಡೈಲಿ ವರ್ಕರ್' ಎಂಬ ಹೆಸರಿದ್ದ ಪಕ್ಷದ ಪತ್ರಿಕೆಯ ವರದಿಗಾರ ಪೀಟರ್ ಫ್ರೈಯರ್ ಅಲ್ಲೇ ಇದ್ದರು. ಕಂಡದ್ದನ್ನು ಬರೆದು ಕಳಿಸಿದರೆ ಪತ್ರಿಕೆ ಅದನ್ನು ಕತ್ತರಿಸಿತು, ತಡೆದಿಟ್ಟಿತು. ಫ್ರೈಯರ್ ರಾಜೀನಾಮೆ ಕೊಟ್ಟರು. ಅವರಂತೆಯೇ ಸುಮಾರು ಕಾಲುಭಾಗ ಸದಸ್ಯರು ಪಕ್ಷ ಬಿಟ್ಟರು. ಬಿಟ್ಟವರಲ್ಲಿ ಓದಿದವರು, ಬರೆಯುವವರು, ಯೂನಿಯನ್ ಮುಖಂಡರು ಇದ್ದರು.

ಮುಂದೆ ಕಾಲವೂ ಕೈಕೊಟ್ಟಿತು. ಮೈಲ್ ಎಂಡ್‌ನಲ್ಲಿ ಪಕ್ಷಕ್ಕೆ ಬಲವಾಗಿದ್ದ ಯಹೂದಿ ದರ್ಜಿಗಳ ಮಕ್ಕಳು ಓದಿ, ಹೊರವಲಯದ ಬಡಾವಣೆಗಳಿಗೆ ಹೋದರು. 1984-85ರ ಮುಷ್ಕರ ಸೋತ ಮೇಲೆ ಕಲ್ಲಿದ್ದಲು ಗಣಿಗಳು ಒಂದೊಂದಾಗಿ ಮುಚ್ಚಿದವು. ಪಕ್ಷದೊಳಗೆ ಹೊಸ ದಾರಿ ಬೇಕೆನ್ನುವವರಿಗೂ ಹಳೆಯದನ್ನೇ ಹಿಡಿಯಬೇಕೆನ್ನುವವರಿಗೂ ಜಗಳ ಹತ್ತಿತು. ಪತ್ರಿಕೆಯ ಕಡೆಯವರು 1988ರಲ್ಲಿ ಬೇರೆ ಪಕ್ಷ ಕಟ್ಟಿದರು. ಸೋವಿಯತ್ ಒಕ್ಕೂಟವೇ ಕುಸಿಯುತ್ತಿದ್ದ 1991ರ ನವೆಂಬರ್‌ನಲ್ಲಿ ಮೂಲ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಆಗ ಉಳಿದಿದ್ದ ಸದಸ್ಯರು 5,000ಕ್ಕೂ ಕಡಿಮೆ. ಮಾಸ್ಕೋದಿಂದ ದಶಕಗಳ ಕಾಲ ಗುಟ್ಟಾಗಿ ಹಣ ಬರುತ್ತಿತ್ತೆಂಬ ಸುದ್ದಿಯೂ ಅದೇ ತಿಂಗಳು ಹೊರಬಿತ್ತು.

1930ರಲ್ಲಿ ಶುರುವಾಗಿ 1966ರಲ್ಲಿ ಹೆಸರು ಬದಲಿಸಿಕೊಂಡ ಪತ್ರಿಕೆ ಮಾತ್ರ ಓದುಗರದೇ ಸಹಕಾರ ಸಂಘದ ಒಡೆತನದಲ್ಲಿ ಇಂದಿಗೂ ಅಚ್ಚಾಗುತ್ತಿದೆ. 1988ರಲ್ಲಿ ಹುಟ್ಟಿದ ಪುಟ್ಟ ಪಕ್ಷವೂ ಇದೆ. "ನಿಮ್ಮ ಶಾಖೆಯಲ್ಲಿ ಎಷ್ಟು ಜನ?" ಎಂದು ಕೇಳಿದೆವು. "ಸಭೆಗೆ ಏಳು ಜನ ಬರುತ್ತೇವೆ. ಇಬ್ಬರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಅದಕ್ಕೆ ಕೆಳಮಹಡಿಯ ಕೋಣೆ ಹಿಡಿದಿದ್ದೇವೆ" ಎಂದರು. ಅವರ ಮಕ್ಕಳು ಯಾರೂ ಪಕ್ಷ ಸೇರಿಲ್ಲವಂತೆ. "ನಾವು ನಮ್ಮನಮ್ಮಲ್ಲೇ ವಾದ ಮಾಡುತ್ತಾ ಕೂತೆವು. ಹೊಸಬರು ಬಂದು ಬಾಗಿಲಲ್ಲಿ ನಿಂತಿದ್ದನ್ನು ನೋಡಲೇ ಇಲ್ಲ."

ಈ ಮಾತು ನಮಗೆ ಚುಚ್ಚಿತು. ನಮ್ಮ ಕನ್ನಡ ಕೂಟದ ಸಮಿತಿಯಲ್ಲೂ ವರ್ಷ ವರ್ಷ ಅದೇ ಮುಖಗಳು. ರಾಜ್ಯೋತ್ಸವದ ದಿನ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಊಟಕ್ಕೆ ಬರುತ್ತಾರೆ, ಸಭೆ ಶುರುವಾಗುವ ಹೊತ್ತಿಗೆ ಮನೆಗೆ ಹೊರಡುತ್ತಾರೆ.

ಚೌಕದ ಅಂಚಿನಲ್ಲೇ ಮಾರ್ಕ್ಸ್ ಸ್ಮಾರಕ ಗ್ರಂಥಾಲಯವಿದೆ. 1933ರಲ್ಲಿ ಶುರುವಾದದ್ದು. ಲೆನಿನ್ 1902-03ರಲ್ಲಿ ಇದೇ ಕಟ್ಟಡದಲ್ಲಿ ಕೂತು 'ಇಸ್ಕ್ರಾ' ಪತ್ರಿಕೆಯನ್ನು ಸಂಪಾದಿಸುತ್ತಿದ್ದರು. ಅದರ ಮುಂದೆ ನಿಂತಾಗ ನಮ್ಮ ಜೊತೆ ಬಂದಿದ್ದ, ಹಾಸನದ ಕಡೆಯ ತಂಗಿಯೊಬ್ಬಳು ತನ್ನ ಕಥೆ ಹೇಳಿದಳು. ಆಕೆ ವೃದ್ಧರ ಆರೈಕೆಯ ಕೆಲಸಕ್ಕೆಂದು ವೀಸಾದಲ್ಲಿ ಬಂದವಳು. ಮೊದಲು ಸೇರಿದ ಕಂಪನಿ ಒಪ್ಪಿಕೊಂಡಷ್ಟು ಗಂಟೆ ಕೆಲಸ ಕೊಡಲಿಲ್ಲ, ಸಂಬಳ ಬಾಡಿಗೆಗೂ ಸಾಲಲಿಲ್ಲ. ದೂರು ಕೊಟ್ಟರೆ ವೀಸಾ ಹೋದೀತೆಂಬ ಭಯ. ಊರಲ್ಲಿರುವ ಅಪ್ಪ ಅಮ್ಮನಿಗೆ "ಎಲ್ಲ ಚೆನ್ನಾಗಿದೆ" ಎಂದೇ ಹೇಳುತ್ತಿದ್ದಳಂತೆ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವಾಕೆ ಯೂನಿಯನ್‌ಗೆ ಕರೆದೊಯ್ದಳು. ಅವರು ಕಂಪನಿಗೆ ಪತ್ರ ಬರೆದರು, ಬೇರೆ ಪ್ರಾಯೋಜಕರನ್ನು ಹುಡುಕಲು ದಾರಿ ತೋರಿಸಿದರು. ಈಗ ಬೇರೆ ಕಡೆ ನೆಮ್ಮದಿಯಾಗಿದ್ದಾಳೆ.

ಪಕ್ಷದ ಮಾಸ್ಕೋ ಭಕ್ತಿ, ಮುಚ್ಚಿಟ್ಟ ಸುದ್ದಿ, ಗುಟ್ಟಿನ ಹಣ ಯಾವುದನ್ನೂ ನಾವು ಹೊಗಳುವುದಿಲ್ಲ. ಆದರೆ ಕೆಲಸಗಾರ ಒಂಟಿಯಾಗಿ ನಿಲ್ಲಬಾರದೆಂದು ಮನೆ ಮನೆ ತಿರುಗಿ ಯೂನಿಯನ್ ಕಟ್ಟಿದವರಲ್ಲಿ ಈ ಮುದುಕರೂ ಇದ್ದರು. ಪಕ್ಷದ ಬಾಗಿಲು ಮುಚ್ಚಿದರೂ ಆ ಕೆಲಸದ ಫಲ ನಮ್ಮ ತಂಗಿಗೆ ಸಿಕ್ಕಿತು.

ಊರಿನಲ್ಲಿರುವ ಹಿರಿಯರಿಗೆ ಒಂದೆರಡು ಮಾತು. ಬ್ರಿಟನ್‌ನಲ್ಲಿ ವೀಸಾದ ಮೇಲೆ ಇರುವವರೂ ಯೂನಿಯನ್ ಸೇರಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ನಮ್ಮವರು ಮತದಾರರ ಪಟ್ಟಿಗೆ ಹೆಸರು ಸೇರಿಸಿ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಮುಂದಿನ ಸಲ ಮಗನೋ ಮಗಳೋ ಫೋನ್ ಮಾಡಿದಾಗ, ಊಟ ಆಯಿತಾ ಎಂದು ಕೇಳಿದ ಮೇಲೆ, ಯೂನಿಯನ್ ಸೇರಿದ್ದೀಯಾ ಎಂದೂ ಕೇಳಿ.

ನಾವು ಹೊರಡುವಾಗ ಆ ಹಿರಿಯರ ಕೈಯಲ್ಲಿ ಇನ್ನೂ ಅರ್ಧ ಕಟ್ಟು ಉಳಿದಿತ್ತು. ನಮ್ಮ ತಂಗಿ ತಿರುಗಿ ಹೋಗಿ ಇನ್ನೆರಡು ಪ್ರತಿ ಕೊಂಡು, ತಾನು ಕೆಲಸ ಮಾಡುವ ಕಡೆ ಗೆಳತಿಯರಿಗೆ ಕೊಡುತ್ತೇನೆಂದು ಚೀಲಕ್ಕೆ ಹಾಕಿಕೊಂಡಳು.